ಬುತ್ತಿ ಕಟ್ಟಿಕೊಂಡು ಹಲಸಂಗಿಗೆ

(ಬಳಗದ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಬಳಗದ ಹದಿನೈದು ಮಂದಿ ಯುವಕ ಯುವತಿಯರು ಬೆನ್ನಿಗೊಂದು ಚೀಲ ಏರಿಸಿಕೊಂಡು, ಆದಷ್ಟು ಕಡಿಮೆ ಖರ್ಚಿನಲ್ಲಿ, ಹತ್ತು ದಿನಗಳ ಕಾಲ ವಿಜಯಪುರ ಜಿಲ್ಲೆಯಲ್ಲಿ ಸಂಚರಿಸುವ ಯೋಜನೆ ಹಾಕಿದ್ದಾರೆ. ಬಸವನ ಬಾಗೇವಾಡಿಯಿಂದ ಹೊರಟು ಮುದ್ದೇಬಿಹಾಳ, ಸಿಂದಗಿ, ಇಂಡಿಗಳನ್ನು ಹಾದು ಹಲಸಂಗಿಯಲ್ಲಿ ಪ್ರವಾಸ ಮುಗಿಯಬೇಕೆಂಬುದು ಅವರ ಇಚ್ಛೆ. ಒಣಬೇಸಾಯದ ಬೆಳೆಗಳ ಕುರಿತು ಅಷ್ಟಿಷ್ಟು ಕೆಲಸ ಮಾಡಿದವನೆಂಬ ಕಾರಣಕ್ಕೆ ಈ ಬಗ್ಗೆ ಮಾತನಾಡಲು ನನ್ನನ್ನು ಕೇಳಿದ್ದಾರೆ. ಖರ್ಚಿನ ಪಟ್ಟಿಯನ್ನೂ ತೋರಿಸಿದ್ದಾರೆ. ಪಟ್ಟಿಯಲ್ಲಿ ವಸತಿ ಎಂಬಲ್ಲಿ ಸೊನ್ನೆ, ಊಟ ಎಂಬಲ್ಲಿ ಬಹುತೇಕ ಸೊನ್ನೆ. ಆ ಸೊನ್ನೆಗಳ ಕುರಿತಾಗಿಯೇ ನನ್ನ ಮಾತು.

ಮೊದಲಿಗೆ ಆ ನೆಲದ ಪರಿಚಯ. ಉಷ್ಣವಲಯ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ದಟ್ಟ ಕಾಡು, ಜಿಗಣೆ, ಎಡೆಬಿಡದ ಮಳೆ. ಹಲಸಂಗಿಯೂ ಅದೇ ಉಷ್ಣವಲಯದಲ್ಲಿದೆ, 17 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿದರೆ ವಿಜಯಪುರದ ಸರಾಸರಿ 600ರ ಆಚೀಚೆ. ನಮ್ಮ ಘಟ್ಟಗಳು ಮೋಡಗಳನ್ನು ಹಿಂಡಿಕೊಂಡ ಮೇಲೆ ಉಳಿದದ್ದು ಅವರ ಪಾಲು. ಅದರಲ್ಲಿಯೂ ಬೆಳೆಗೆ ನಿಜವಾಗಿ ಒದಗುವುದು ಸೆಪ್ಟೆಂಬರ್ ಹೊತ್ತಿನ ಮಳೆ. ಆ ನೀರನ್ನು ಎರೆಮಣ್ಣು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿ ಬಿಳಿಜೋಳ ಮುಂದಿನ ನಾಲ್ಕು ತಿಂಗಳು ಹೆಚ್ಚುಕಡಿಮೆ ಆ ತೇವದ ಮೇಲೆಯೇ ಬದುಕುತ್ತದೆ. 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆಯ್ದು ತೆಗೆದ ಎಂ 35-1 ಎಂಬ ಮಾಲದಂಡಿ ತಳಿಯನ್ನು ರೈತರು ಇಂದಿಗೂ ಬಿತ್ತುತ್ತಾರೆ. ಹೊಸ ತಳಿಗಳು ಎಷ್ಟೋ ಬಂದವು. ಆದರೆ ರೊಟ್ಟಿಯ ರುಚಿಯಲ್ಲಿ, ದನಗಳಿಗೆ ಬೇಕಾದ ಕಣಿಕೆಯಲ್ಲಿ ಅದನ್ನು ಮೀರಿಸುವುದು ಸುಲಭವಾಗಲಿಲ್ಲ. ಮಳೆಯಾಶ್ರಯದಲ್ಲಿ ಎಕರೆಗೆ ಮೂರು ನಾಲ್ಕು ಕ್ವಿಂಟಲ್ ಬಂದರೆ ತೃಪ್ತಿಪಡುವ ಮನೆಗಳಿವೆ. ಹದಿನೈದು ಮಂದಿ ಉಣ್ಣಲು ಕುಳಿತಾಗ ಈ ಅಂಕಿ ನೆನಪಿರಲಿ.

ಹಣವಿಲ್ಲದೆ ಸಂಚರಿಸುವುದು ಈ ಸೀಮೆಗೆ ಹೊರಗಿನಿಂದ ಬಂದ ವಿದ್ಯೆಯಲ್ಲ. ಯುಗಾದಿಗೆ ಮುನ್ನ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಭಕ್ತರು ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುತ್ತಾರೆ. ಬರಿಗಾಲಿನವರಿದ್ದಾರೆ, ಮರಗಾಲು ಕಟ್ಟಿಕೊಂಡು ನಡೆಯುವವರೂ ಇದ್ದಾರೆ. ಹೆಗಲಲ್ಲಿ ಹೊದಿಕೆ, ಗಂಟಿನಲ್ಲಿ ರೊಟ್ಟಿ, ಅಷ್ಟೇ. ದಾರಿಯುದ್ದಕ್ಕೂ ಊರವರು ಚಪ್ಪರ ಹಾಕಿ ಮಜ್ಜಿಗೆ, ಅನ್ನ, ಕಾಲಿಗೆ ಹಚ್ಚಲು ಎಣ್ಣೆ ಇಟ್ಟುಕೊಂಡು ಕಾದಿರುತ್ತಾರೆ. ಆಷಾಢದಲ್ಲಿ ವಿಠ್ಠಲನ ದಿಂಡಿಗಳು ಪಂಢರಪುರದ ದಾರಿ ಹಿಡಿಯುತ್ತವೆ. ಕುರಿ ಹಿಂಡುಗಳೊಡನೆ ವರ್ಷದ ಬಹುಭಾಗ ಬಯಲಲ್ಲೇ ಕಳೆಯುವ ಕುರುಬರಂತೂ ನಮಗೆಲ್ಲ ಗುರುಗಳಾಗಬಲ್ಲವರು. ಅವರು ಹೊಲದಲ್ಲಿ ಹಿಂಡು ತರುಬಿದರೆ ರೈತನಿಗೆ ಗೊಬ್ಬರ ಸಿಗುತ್ತದೆ, ಪ್ರತಿಯಾಗಿ ಅವರಿಗೆ ಕಾಳೋ ಕಾಸೋ ದೊರೆಯುತ್ತದೆ. ಉಂಡವನು ಏನನ್ನಾದರೂ ಬಿಟ್ಟುಹೋಗುವ ಏರ್ಪಾಡು ಅದು.

ಹಲಸಂಗಿಯ ಗೆಳೆಯರ ಮಾತು ಬೇರೆ. ಮಧುರಚೆನ್ನ, ಚಡಚಣದ ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದವರು ಕಳೆದ ಶತಮಾನದ ಇಪ್ಪತ್ತು ಮೂವತ್ತರ ದಶಕಗಳಲ್ಲಿ ಹಳ್ಳಿಯ ಹೆಂಗಸರ ಬಾಯಿಂದ ಹಾಡುಗಳನ್ನು ಕೇಳಿ ಬರೆದುಕೊಂಡರು. ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಜೋಳ ಬೀಸುವ ಹೆಣ್ಣುಮಗಳ ಹಾಡಿಗೆ ಸಾಹಿತ್ಯದ ಪಂಕ್ತಿಯಲ್ಲಿ ಸ್ಥಾನ ದೊರೆತದ್ದರಲ್ಲಿ ಈ ಪುಟ್ಟ ಊರಿನ ಪಾಲು ದೊಡ್ಡದು. ಅವರು ಕೇಳಿಸಿಕೊಂಡರು, ಬರೆದುಕೊಂಡರು, ಪುಸ್ತಕ ಮಾಡಿ ಅದೇ ನಾಡಿಗೆ ಮರಳಿ ಕೊಟ್ಟರು. ನಾವು ಹೋಗಿ ಏನನ್ನು ಕೇಳಿಸಿಕೊಳ್ಳುತ್ತೇವೆ ಎಂಬುದು ಪಟ್ಟಿಯಲ್ಲಿ ಎಲ್ಲೂ ಇಲ್ಲ. ನೋಡುವ ಸ್ಥಳಗಳಷ್ಟೇ ಇವೆ.

ಇನ್ನು ಬುತ್ತಿಯ ವಿಚಾರ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇದು ನನ್ನ ಮೆಚ್ಚಿನ ವಿಷಯ. ನಿಮ್ಮ ಚೀಲಗಳಲ್ಲಿ ದಿಢೀರ್ ನೂಡಲ್ಸ್ ಪೊಟ್ಟಣಗಳನ್ನು ಕಂಡೆ. ಜಗತ್ತಿನ ಅತ್ಯುತ್ತಮ ಪ್ರವಾಸಿ ಆಹಾರಗಳಲ್ಲೊಂದು ತಯಾರಾಗುವ ಸೀಮೆಗೆ ಅವನ್ನು ಹೊತ್ತೊಯ್ಯುವುದು ಸಮುದ್ರಕ್ಕೆ ಉಪ್ಪು ಹೊತ್ತ ಹಾಗೆ. ಖಡಕ್ ರೊಟ್ಟಿ ಎಂದರೆ ತೆಳ್ಳಗೆ ಬಡಿದ ಜೋಳದ ರೊಟ್ಟಿಯನ್ನು ಬೇಯಿಸಿ, ನೀರಿನಂಶ ಆರಿಹೋಗುವವರೆಗೆ ಒಣಗಿಸಿದ್ದು. ತೇವವಿಲ್ಲದಲ್ಲಿ ಬೂಷ್ಟು ಬೆಳೆಯದು. ಎಣ್ಣೆ ಹಾಕದ ಕಾರಣ ಕಮಟು ವಾಸನೆಯ ಭಯವೂ ಕಡಿಮೆ. ಗಾಳಿಯ ತೇವ ತಗಲದಂತೆ ಅರಿವೆಯಲ್ಲಿ ಸುತ್ತಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಇದು ಸಾಧ್ಯವಿಲ್ಲ, ಅಲ್ಲಿನ ಒಣಹವೆಗೆ ಹೇಳಿ ಮಾಡಿಸಿದ ತಂತ್ರಜ್ಞಾನ ಅದು. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಜೋಳದಲ್ಲಿ ಕೊರತೆಯಾಗುವ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಬೇಳೆಯ ಪಲ್ಯ, ಮೊಸರು ತುಂಬಿಕೊಡುತ್ತವೆ. ಒಲೆ ಬೇಡ, ಇಂಧನ ಬೇಡ, ಬಿಸಾಡಲು ಪೊಟ್ಟಣವಿಲ್ಲ. ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಅಲ್ಲಿನ ಪೇಟೆಗಳಲ್ಲಿದ್ದಾರೆ. ಅವರು ಹೇಳಿದ ಬೆಲೆ ಕೊಟ್ಟು ಕೊಳ್ಳಿರಿ. ಕಡಿಮೆ ಖರ್ಚಿನ ಹೆಸರಿನಲ್ಲಿ ಅವರೊಡನೆ ಚೌಕಾಶಿ ಮಾಡುವುದನ್ನು ನಾನು ಒಪ್ಪಲಾರೆ.

ಊಟಕ್ಕಿಂತ ಕಷ್ಟದ ಸಂಗತಿ ನೀರು. ‘ಬರ್ರೀ, ಊಟಾ ಮಾಡ್ರಿ’ ಎಂದು ಕರೆಯುವ ಮನೆ ಆ ಕಡೆ ಎಲ್ಲೆಡೆ ಸಿಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಹದಿನೈದು ಮಂದಿ ತಲೆಗೆ ಒಂದು ಬಕೆಟ್‌ನಂತೆ ಸ್ನಾನ ಮಾಡಿದರೂ ಮುನ್ನೂರು ಲೀಟರ್ ಬೇಕು. ಡೋಣಿ ನದಿಯ ದಂಡೆಯಲ್ಲಿ ಕಪ್ಪು ನೆಲ ಬಂಗಾರದಂತೆ ಬೆಳೆದರೂ ಹೊಳೆಯ ನೀರು ಸವಳು. ಭೀಮಾ ತೀರದ ಊರುಗಳು 2020ರ ಅಕ್ಟೋಬರಿನಲ್ಲಿ ಪ್ರವಾಹಕ್ಕೆ ಸಿಕ್ಕಿ ನಲುಗಿದವು. ಅದೇ ಹೊಳೆ ಬೇಸಿಗೆಯಲ್ಲಿ ಬತ್ತಿ ಮರಳಾಗುವುದೂ ಉಂಟು. ಬಸವನ ಬಾಗೇವಾಡಿ ಸೀಮೆಯ ಆಲಮಟ್ಟಿಯಲ್ಲಿ ಸಾಗರದಂಥ ಜಲಾಶಯ ನೋಡಿ ಬಂದವರಿಗೆ ಇಂಡಿಯ ಒಣಹೊಲ ಅರ್ಥವಾಗುವುದು ಕಷ್ಟ. ವಿಜಯಪುರದಲ್ಲಿ ತಾಜ್ ಬಾವಡಿಯನ್ನು ತಪ್ಪದೆ ನೋಡಿರಿ. ಆದಿಲಶಾಹಿ ಕಾಲದ ಆ ಬಾವಿಯ ಎರಡೂ ಮಗ್ಗುಲಿಗೆ ದಾರಿಹೋಕರು ತಂಗುವ ಕೋಣೆಗಳಿವೆ. ಮೊದಲು ನೀರು, ಆಮೇಲೆ ವಸತಿ ಎಂಬ ಲೆಕ್ಕ ಕಟ್ಟಿಸಿದವರಿಗೆ ತಿಳಿದಿತ್ತು. ನೀವು ದಿನಬಿಟ್ಟು ದಿನ ಸ್ನಾನ ಮಾಡಿದರೆ ಯಾರಿಗೂ ನಷ್ಟವಿಲ್ಲ. ಚಳಿಗಾಲವಾದ್ದರಿಂದ ನಿಮಗೂ ಅದು ಕಷ್ಟವಾಗಲಾರದು!

ಪ್ರಯಾಣದ ವೆಚ್ಚಕ್ಕೆ ಬರೋಣ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಂದಿನಿಂದ ರಾಜ್ಯದ ಸ್ತ್ರೀಯರು ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟಿನ ಹಣವಿಲ್ಲದೆ ರಾಜ್ಯದೊಳಗೆ ಪ್ರಯಾಣಿಸಬಹುದಾಗಿದೆ. ನಮ್ಮ ತಂಡದ ಹೆಣ್ಣುಮಕ್ಕಳ ಹೆಸರಿನ ಮುಂದೆ ಸೊನ್ನೆ ಬಿದ್ದಿರುವುದು ಅದಕ್ಕೇ. ಒಳ್ಳೆಯದು. ಹೊಲದ ಕೂಲಿಗೆ ಹೋಗುವವಳೂ ಕಾಲೇಜಿಗೆ ಹೋಗುವವಳೂ ಹತ್ತುವ ಬಸ್ಸು ಅದು, ಆದ್ದರಿಂದ ಬೆಳಗಿನ ಮತ್ತು ಸಂಜೆಯ ಜನದಟ್ಟಣೆಯ ಹೊತ್ತಿನಲ್ಲಿ ನಿಮ್ಮ ಚೀಲಗಳು ಇಬ್ಬರ ಜಾಗ ಹಿಡಿಯದಿರಲಿ. ಮಧ್ಯಾಹ್ನದ ಬಸ್ಸು ಹಿಡಿಯಿರಿ.

ಇಷ್ಟೊಂದು ಕಟ್ಟುನಿಟ್ಟು ಏಕೆ ಎಂದು ಕೇಳಬಹುದು. 2024ರ ಜನವರಿ ಕೊನೆಯ ರಜೆಯ ದಿನಗಳಲ್ಲಿ ಕುಮಾರಪರ್ವತದ ತಪ್ಪಲಿಗೆ ಸಾವಿರಾರು ಚಾರಣಿಗರು ಒಮ್ಮೆಲೇ ನುಗ್ಗಿದ್ದು, ಆನಂತರ ಸರ್ಕಾರ ಮುಂಗಡ ನೋಂದಣಿಯಿಲ್ಲದ ಚಾರಣಕ್ಕೆ ತಡೆಯೊಡ್ಡಿದ್ದು ನಿಮಗೆ ಗೊತ್ತಿದೆ. ಆಗ ನಾವು ಏನೆಲ್ಲ ಮಾತನಾಡಿದೆವು! ಪೇಟೆಯವರು ನಮ್ಮ ಹಳ್ಳಗಳಲ್ಲಿ ಬಾಟಲಿ ಎಸೆದು ಹೋಗುತ್ತಾರೆ, ಹಳ್ಳಿಯ ಮನೆಯ ಅಂಗಳವನ್ನು ಧರ್ಮಛತ್ರ ಎಂದು ತಿಳಿಯುತ್ತಾರೆ ಎಂದೆವು. ಬಯಲುಸೀಮೆಯ ಕಣ್ಣಿಗೆ ನಾವೂ ಚೀಲ ಹೊತ್ತು ಬಂದ ಪೇಟೆಯವರೇ. 1987-88ರ ಪಶ್ಚಿಮಘಟ್ಟ ಉಳಿಸಿ ಪಾದಯಾತ್ರೆ ಕನ್ಯಾಕುಮಾರಿಯಿಂದಲೂ ಉತ್ತರದ ನವಾಪುರದಿಂದಲೂ ಹೊರಟು ನೂರು ದಿನ ನಡೆದು ಗೋವೆಯಲ್ಲಿ ಕೂಡಿತು. ಘಟ್ಟದ ಕಥೆ ಹೊರಜಗತ್ತಿಗೆ ತಿಳಿದದ್ದು ಹಾಗೆ ನಡೆದವರಿಂದ. ಘಟ್ಟದಿಂದ ಮಳೆನೆರಳಿನ ಕಡೆಗೆ ನಡೆದವರು ವಿರಳ. ಈ ಪ್ರವಾಸದ ಬಗ್ಗೆ ನನಗೆ ಆಸಕ್ತಿ ಇರುವುದು ಈ ಕಾರಣಕ್ಕೆ.

ಹೊರಡುವ ಕಾಲದ ಬಗ್ಗೆ ಒಂದು ಮಾತು. ಮಳೆ ಬಿದ್ದ ಎರೆಯಲ್ಲಿ ಹತ್ತು ಹೆಜ್ಜೆಗೆ ಪಾದಕ್ಕೆ ಸೇರು ಮಣ್ಣು ಮೆತ್ತುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ನೆರಳಿಗೆ ಅಲ್ಲೊಂದು ಬೇವು, ಇಲ್ಲೊಂದು ಬನ್ನಿ. ಆದಕಾರಣ ಎಳ್ಳಮವಾಸ್ಯೆಯ ಹೊತ್ತಿಗೆ ಇಂಡಿ ಸೀಮೆಯಲ್ಲಿರುವಂತೆ ಲೆಕ್ಕ ಹಾಕಿರಿ. ಅಂದು ರೈತರು ಕುಟುಂಬಸಮೇತ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ, ಭೂತಾಯಿಗೆ ಉಣಿಸಿ ತಾವು ಉಣ್ಣುತ್ತಾರೆ, ದಾರಿಯಲ್ಲಿ ಹೋಗುವವರನ್ನೂ ಕರೆಯುತ್ತಾರೆ. ಆ ಕರೆಗೆ ಇಲ್ಲವೆನ್ನಬೇಡಿ. ಇಲ್ಲಿಂದ ಹೋಗುವಾಗ ಪ್ರತಿಯೊಬ್ಬರೂ ನಮ್ಮ ತೋಟದ ಕಾಳುಮೆಣಸು, ಏಲಕ್ಕಿ, ಒಂದಿಷ್ಟು ಜೇನು ಕಟ್ಟಿಕೊಳ್ಳಿರಿ. ಮೆಣಸನ್ನು ನಾನು ಕೊಡುತ್ತೇನೆ, ಎರಡು ಕಿಲೋ ಒಣಗಿಸಿ ಇಟ್ಟಿದ್ದೇನೆ. ಜೇನನ್ನು ಯಾರು ಕೊಡುತ್ತೀರಿ ಎಂಬುದನ್ನು ಇಂದೇ ಹೇಳಿದರೆ ಅನುಕೂಲ.