ಮಂಡಕ್ಕಿ ಕಡಿಮೆ, ಶೇಂಗಾ ಜಾಸ್ತಿ

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಾಲ, ಬಡ್ಡಿ, ಗೊಬ್ಬರದ ವಿಚಾರವನ್ನು ಹಿರಿಯರು ಆಗಲೇ ಮಾತಾಡಿದ್ದಾರೆ. ನನಗೆ ವಹಿಸಿರುವುದು ಆರೋಗ್ಯದ ವಿಷಯ. ನಾನು ಡಾಕ್ಟರಲ್ಲ, ನಿಮ್ಮ ಹಾಗೆ ಭತ್ತ ಬೆಳೆಯುವವನು. ಅದಕ್ಕೇ ದೊಡ್ಡ ಮಾತು ಬಿಟ್ಟು, ಎರಡು ಊಟದ ನಡುವೆ ನಾವು ಬಾಯಾಡಿಸುವ ತಿಂಡಿಯ ಬಗ್ಗೆ ಮಾತ್ರ ನಾಲ್ಕು ಮಾತು ಹೇಳುತ್ತೇನೆ.

2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ಹೊರಬಂತು. ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ 10 ಲಕ್ಷ. ಕಾಯಿಲೆಯ ಅಂಚಿನಲ್ಲಿ ನಿಂತವರು ಇನ್ನೂ 13 ಕೋಟಿ 60 ಲಕ್ಷ. ಇದು ಪೇಟೆಯವರ ಕಾಯಿಲೆ ಅನ್ನುವ ಕಾಲ ಹೋಯಿತು. ಸಕ್ಕರೆ ಹತೋಟಿ ತಪ್ಪಿದರೆ ಕಾಲಿನ ಗಾಯ ಮಾಯುವುದಿಲ್ಲ, ಕಣ್ಣು ಮಂಜಾಗುತ್ತದೆ, ಕಿಡ್ನಿ ಸೋಲುತ್ತದೆ. ದುಡಿಯುವ ಮನುಷ್ಯ ಕೂತರೆ ಹೊಲವೂ ಕೂತಿತು, ಸಂಘದ ಸಾಲದ ಕಂತೂ ಕೂತಿತು. ಆದ್ದರಿಂದ ಇದು ಸಂಘದ ವಿಚಾರವೂ ಹೌದು.

ನಮ್ಮ ಸೀಮೆಯ ತಿಂಡಿ ಅಂದರೆ ಮಂಡಕ್ಕಿ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೆಸರು ಕೇಳದವರಿಲ್ಲ. ಮಾಲು ಮಾರಲು ದಾವಣಗೆರೆಗೆ ಹೋದರೂ ಮಂಡಕ್ಕಿ ಮಿರ್ಚಿ, ಹರಿಹರದ ಸಂತೆಗೆ ಹೋದರೂ ಅದೇ, ಮನೆಗೆ ಬೀಗರು ಬಂದರೂ ಅದೇ. ಹಗುರವಾಗಿದೆ, ಏನೂ ಆಗಲ್ಲ ಅಂತ ತಿನ್ತೀವಿ. ಆದರೆ ಮಂಡಕ್ಕಿ ಅಂದರೆ ಉಪ್ಪುನೀರು ಹಿಡಿಸಿ ಕಾದ ಮರಳಿನಲ್ಲಿ ಅರಳಿಸಿದ ಅಕ್ಕಿ. ಶಾಲೆಯಲ್ಲಿ ನಾವು ಶರ್ಕರಪಿಷ್ಟ ಅಂತ ಓದಿದ್ದೆವಲ್ಲ, ಅದು 100 ಗ್ರಾಂ ಮಂಡಕ್ಕಿಯಲ್ಲಿ ಸುಮಾರು 73 ಗ್ರಾಂ ಇದೆ. ಅರಳಿದ್ದರಿಂದ ಬೇಗ ಕರಗಿ ಬೇಗ ರಕ್ತಕ್ಕೆ ಸೇರುತ್ತದೆ. ಮಧ್ಯಾಹ್ನ ಅನ್ನ, ರಾತ್ರಿ ಅನ್ನ, ನಡುವೆ ಮಂಡಕ್ಕಿ ಅಂದರೆ ಮೂರು ಹೊತ್ತೂ ಅಕ್ಕಿಯೇ ಆಯಿತು. ಜೊತೆಗೆ ಎರಡು ಚಮಚ ಸಕ್ಕರೆ ಹಾಕಿದ ಚಹಾ ಬೇರೆ.

ಹಾಗಂತ ಮಂಡಕ್ಕಿ ಬಿಡಿ ಅಂದರೆ ನೀವು ಬಿಡುವುದಿಲ್ಲ, ನಾನೂ ಬಿಡುವುದಿಲ್ಲ. ಲೆಕ್ಕ ಸ್ವಲ್ಪ ತಿರುಗಿಸೋಣ. ಈಗ ಮಂಡಕ್ಕಿಯ ಮೇಲೆ ನಾಲ್ಕು ಶೇಂಗಾ ಉದುರಿಸುತ್ತೇವೆ. ಇನ್ನು ಮೇಲೆ ಶೇಂಗಾ, ಪುಟಾಣಿಯ ಮೇಲೆ ಒಂದು ಹಿಡಿ ಮಂಡಕ್ಕಿ ಉದುರಿಸೋಣ. 100 ಗ್ರಾಂ ಶೇಂಗಾದಲ್ಲಿ ಶರ್ಕರಪಿಷ್ಟ ಸುಮಾರು 26 ಗ್ರಾಂ, ಪುಟಾಣಿಯಲ್ಲಿ 58 ಗ್ರಾಂ. 60 ಗ್ರಾಂ ಮಂಡಕ್ಕಿ ತಿಂದರೆ 44 ಗ್ರಾಂ ಶರ್ಕರಪಿಷ್ಟ ಹೊಟ್ಟೆಗೆ ಹೋಗುತ್ತದೆ. ಅದರ ಬದಲು 20 ಗ್ರಾಂ ಶೇಂಗಾ, 15 ಗ್ರಾಂ ಪುಟಾಣಿ, 10 ಗ್ರಾಂ ಮಂಡಕ್ಕಿ ಕಲಸಿದರೆ 21 ಗ್ರಾಂ ಮಾತ್ರ. ಪ್ರೋಟೀನು ಎರಡರಷ್ಟು. ತಟ್ಟೆ ಖಾಲಿ ಕಾಣದ ಹಾಗೆ ಸೌತೆಕಾಯಿ, ಈರುಳ್ಳಿ, ಟೊಮೆಟೊ, ಕೊತ್ತಂಬರಿ ಹೆಚ್ಚಿ ಹಾಕಿ ನಿಂಬೆಹುಳಿ ಹಿಂಡಿರಿ. ಹರಿಹರೇಶ್ವರನಲ್ಲಿ ಹರಿ ಅರ್ಧ, ಹರ ಅರ್ಧ ಇದ್ದಂತೆ ನಮ್ಮ ತಟ್ಟೆಯಲ್ಲಿ ಕಾಳು ಅರ್ಧ, ತರಕಾರಿ ಅರ್ಧ ಇರಲಿ. ಮಂಡಕ್ಕಿ ಮೇಲಿನ ಹೂವು.

ಕೆಲವರು ಕೇಳ್ತಾರೆ, ಕಡಕ್ ರೊಟ್ಟಿ ತಿನ್ನಬಹುದಲ್ಲ ಅಂತ. ಜೋಳ ಒಳ್ಳೆಯದೇ, ಆದರೆ ಜೋಳದಲ್ಲೂ 100 ಗ್ರಾಂಗೆ 72 ಗ್ರಾಂ ಶರ್ಕರಪಿಷ್ಟ ಇದೆ. ಆದ್ದರಿಂದ ಅರ್ಧ ರೊಟ್ಟಿ ಸಾಕು. ಅದರ ಮೇಲೆ ಧಾರಾಳವಾಗಿ ಹಚ್ಚಿಕೊಳ್ಳಿ: ಅಗಸಿ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹೆಸರುಕಾಳಿನ ಮೊಳಕೆ, ಬೇಯಿಸಿದ ಮೊಟ್ಟೆ. ಗುರೆಳ್ಳಿನಲ್ಲಿ ಶರ್ಕರಪಿಷ್ಟ ಸುಮಾರು 17 ಗ್ರಾಂ, ಮೊಸರಿನಲ್ಲಿ ಬರೀ 3 ಗ್ರಾಂ. ನಮ್ಮ ಅಜ್ಜಿಯರ ಕಾಲದಿಂದ ಗಡಿಗೆಯಲ್ಲಿದ್ದ ಪದಾರ್ಥಗಳೇ ಇವು.

ಗರಿಗರಿ ಬೇಕೇ ಬೇಕು ಅನ್ನುವವರಿಗೆ ಮನೆಯಲ್ಲೇ ಬಿಲ್ಲೆ ಮಾಡಬಹುದು. ಒಂದು ಬಟ್ಟಲು ಕಡಲೆಹಿಟ್ಟು, ಅರ್ಧ ಬಟ್ಟಲು ಹುರಿದ ಅಗಸಿಪುಡಿ, ಎರಡು ಚಮಚ ಎಳ್ಳು, ಸ್ವಲ್ಪ ಓಮ, ಜೀರಿಗೆ, ಖಾರ, ಉಪ್ಪು. ಬಿಸಿನೀರಲ್ಲಿ ಗಟ್ಟಿಯಾಗಿ ಕಲಸಿ ಕಾಲು ಗಂಟೆ ಬಿಡಿ. ಎಣ್ಣೆ ಸವರಿದ ಹಾಳೆಯ ಮೇಲೆ ತೆಳ್ಳಗೆ ತಟ್ಟಿ, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಮಗ್ಗುಲು ಗರಿಯಾಗುವ ತನಕ ಸುಡಿ. ಆರಿದ ಮೇಲೆ ಡಬ್ಬಿಯಲ್ಲಿ ತುಂಬಿಡಿ. ಎರಡು ಬಿಲ್ಲೆ, ಮೇಲೆ ಮೊಸರು, ಸೌತೆಕಾಯಿ ಹೋಳು ಇಟ್ಟರೆ ರಾತ್ರಿ ಊಟದ ತನಕ ಹಸಿವು ತಡೆಯುತ್ತದೆ.

ಕೆಲವು ಎಚ್ಚರಿಕೆ ಹೇಳಲೇಬೇಕು. ಶೇಂಗಾ ಒಂದು ಹಿಡಿ ಮೀರಬಾರದು, ಅದರಲ್ಲಿ ಎಣ್ಣೆ ಹೆಚ್ಚು. ಬೂಷ್ಟು ಹಿಡಿದ, ಕಹಿಯಾದ ಕಾಳನ್ನು ಆರಿಸಿ ಎಸೆಯಿರಿ. ದಿನಕ್ಕೆ ಉಪ್ಪು ಎಲ್ಲಾ ಸೇರಿ 5 ಗ್ರಾಂ ಮೀರಬಾರದು, ಚಟ್ನಿಪುಡಿಗೆ ಕೈ ಹಿಡಿದು ಹಾಕಿ. ಚಿಕ್ಕ ಮಕ್ಕಳಿಗೆ ಇಡೀ ಶೇಂಗಾ ಕೊಡಬೇಡಿ, ಗಂಟಲಲ್ಲಿ ಸಿಕ್ಕೀತು, ಪುಡಿ ಮಾಡಿ ಕೊಡಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ತಿಂಡಿ ಒಮ್ಮೆಗೇ ಇಳಿಸಬಾರದು. ಬೆವರು, ನಡುಕ ಬಂದರೆ ಕೂಡಲೇ ಸಕ್ಕರೆ ನೀರು ಕುಡಿಯಬೇಕು. ಕಿಡ್ನಿ ತೊಂದರೆ ಇದ್ದವರೂ ಕೇಳಿಯೇ ಕಾಳು ತಿನ್ನಿ.

ಭತ್ತ ಬೆಳೆಯೋನೇ ಅಕ್ಕಿ ಕಡಿಮೆ ತಿನ್ನು ಅಂದರೆ ನಮ್ಮ ಹೊಟ್ಟೆಗೇ ಕಲ್ಲು ಅಲ್ಲವೇ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಭದ್ರಾ ನಾಲೆಯ ನೀರು ನಮಗೆ ಅನ್ನ ಕೊಟ್ಟಿದೆ, ಅದನ್ನು ಮರೆಯುವ ಮಾತಿಲ್ಲ. ಊಟದಲ್ಲಿ ಅನ್ನ ಇದ್ದೇ ಇರುತ್ತದೆ, ನಾನು ಹೇಳುವುದು ನಡುವಿನ ತಿಂಡಿಯ ಮಾತು. ಜಗಳೂರು, ಚಳ್ಳಕೆರೆ ಕಡೆ ಮಳೆ ನಂಬಿ ಶೇಂಗಾ ಬೆಳೆಯುವವರೂ ರೈತರೇ. ಅವರ ಬೆಳೆಗೂ ನಮ್ಮ ತಟ್ಟೆಯಲ್ಲಿ ಜಾಗ ಸಿಕ್ಕರೆ ಅದೂ ಸಹಕಾರವೇ.

ಕೊನೆಗೆ ಎರಡು ಸೂಚನೆ. ನಮ್ಮ ವಾರ್ಷಿಕ ಮಹಾಸಭೆಯಲ್ಲಿ ಮಿರ್ಚಿ ಮಂಡಕ್ಕಿಯ ಜೊತೆಗೆ ಕಾಳಿನ ಉಸಲಿ, ಮಜ್ಜಿಗೆಯನ್ನೂ ಇಡೋಣ, ಬೇಕಾದವರು ಆರಿಸಿಕೊಳ್ಳಲಿ. ಊರಿನ ಸ್ತ್ರೀಶಕ್ತಿ ಗುಂಪಿನವರು ಬಿಲ್ಲೆ, ಚಟ್ನಿಪುಡಿ ಮಾಡುವುದಾದರೆ ಸಂಘದಿಂದಲೇ ಮಾರಾಟಕ್ಕೆ ಅನುವು ಮಾಡಿಕೊಡೋಣ. ಇದನ್ನು ಆಡಳಿತ ಮಂಡಳಿ ಮುಂದಿನ ಸಭೆಯಲ್ಲಿ ಪರಿಶೀಲಿಸಬೇಕೆಂದು ಕೋರುತ್ತೇನೆ.

ಸಂಘಕ್ಕೆ 25 ತುಂಬಿದೆ. ಸುವರ್ಣ ಮಹೋತ್ಸವಕ್ಕೂ ಇಲ್ಲಿ ಕೂತವರೆಲ್ಲ ಗಟ್ಟಿಮುಟ್ಟಾಗಿ, ನಡೆದುಕೊಂಡೇ ಬರಬೇಕು ಎಂಬುದು ನನ್ನ ಆಸೆ. 

ಜೈ ಸಹಕಾರ, ಜೈ ಕರ್ನಾಟಕ.