ರೇಸ್ ಬೈಕು, ಕಬ್ಬಿನ ತರಗು ಮತ್ತು ಕಾವೇರಿ ನೀರು



2023ರ ಸೆಪ್ಟೆಂಬರ್ 23, ಶನಿವಾರ. ನೆನಪಿದೆಯಾ? ಅವತ್ತು ಮಂಡ್ಯ ಬಂದ್. ತಮಿಳುನಾಡಿಗೆ ಕಾವೇರಿ ನೀರು ಬಿಡಬೇಡಿ ಅಂತ ರೈತರು ಬೀದಿಗಿಳಿದಿದ್ದರು. ಅದೇ ದಿನ ದಿಲ್ಲಿ ಪಕ್ಕದ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ ಭಾರತದ ಮೊಟ್ಟಮೊದಲ ಮೋಟೊಜಿಪಿ ನಡೀತಾ ಇತ್ತು. ಜಗತ್ತಿನ ಅತಿವೇಗದ ಬೈಕುಗಳ ರೇಸು. ಅಲ್ಲಿ ಪೆಟ್ರೋಲು, ಇಲ್ಲಿ ನೀರು. ಒಂದಕ್ಕೊಂದು ಏನ್ ಸಂಬಂಧ ಅಂತೀರಾ? ಸಂಬಂಧ ಇದೆ. ಇವತ್ತು ಅದನ್ನೇ ಹೇಳೋಕೆ ಹೊರಟಿದ್ದೀನಿ.

ಮೋಟೊಜಿಪಿ ನಡೆಸುವವರು 2021ರಲ್ಲೇ ಒಂದು ತೀರ್ಮಾನ ಮಾಡಿದರು. 2024ರಿಂದ ರೇಸ್ ಬೈಕಿಗೆ ಹಾಕುವ ಇಂಧನದಲ್ಲಿ ಕನಿಷ್ಠ ಶೇಕಡಾ 40ರಷ್ಟು ಭೂಮಿಯಿಂದ ತೆಗೆದ ಕಚ್ಚಾತೈಲದ್ದು ಆಗಿರಬಾರದು. 2027ರಿಂದ ಪೂರ್ತಿ ನೂರಕ್ಕೆ ನೂರು. ಜೊತೆಗೆ ಎಂಜಿನ್ 1000 ಸಿಸಿಯಿಂದ 850 ಸಿಸಿಗೆ ಇಳಿಯುತ್ತೆ, ಟ್ಯಾಂಕು 22 ಲೀಟರಿನಿಂದ 20 ಲೀಟರಿಗೆ.

ಇಷ್ಟು ಕೇಳಿದ ತಕ್ಷಣ ನಮ್ಮೋರು ಹೇಳ್ತಾರೆ: "ಹಾಗಾದ್ರೆ ಎಥೆನಾಲ್! ಹಾಗಾದ್ರೆ ಕಬ್ಬು! ಹಾಗಾದ್ರೆ ಮಂಡ್ಯಕ್ಕೆ ಬಂಪರ್!" ಸ್ವಲ್ಪ ತಾಳಿ. ಆ ನಿಯಮದಲ್ಲಿ ಇನ್ನೊಂದು ಸಾಲಿದೆ. ಇಂಧನವನ್ನು ಗಾಳಿಗೆ ಹೋಗದಂತೆ ಹಿಡಿದಿಟ್ಟ ಇಂಗಾಲದಿಂದ ಮಾಡಿ, ಊರಿನ ಕಸದಿಂದ ಮಾಡಿ, ಇಲ್ಲವೇ ಊಟಕ್ಕೆ ಬಾರದ ಬೆಳೆತ್ಯಾಜ್ಯದಿಂದ ಮಾಡಿ. ಅಂದರೆ ಮನುಷ್ಯ ತಿನ್ನೋದನ್ನು ಬೈಕಿಗೆ ಕುಡಿಸಬೇಡಿ. ಕೋಟಿಗಟ್ಟಲೆ ದುಡ್ಡು ಓಡಾಡುವ ಆಟದವರು ಈ ಗೆರೆ ಎಳೆದುಕೊಂಡಿದ್ದಾರೆ. ನಾವು ಎಳೆದುಕೊಂಡಿದ್ದೀವಾ?

ನಮ್ಮ ಕಥೆ ನೋಡಿ. 2023ರ ಫೆಬ್ರವರಿ 6ರಂದು ಪ್ರಧಾನಿ ನರೇಂದ್ರ ಮೋದಿ ಬೆಂಗಳೂರಿನಲ್ಲೇ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ನೂರು ಲೀಟರಿನಲ್ಲಿ 20 ಲೀಟರ್ ಎಥೆನಾಲ್. ಇವತ್ತು ನಿಮ್ಮೂರ ಬಂಕಿನಲ್ಲಿ ಸಿಗೋದು ಅದೇ. ಮೈಲೇಜು ಕಮ್ಮಿ ಆಯ್ತು ಅಂತ ಜನ ಬೈತಾರೆ. ನೀತಿ ಆಯೋಗದ 2021ರ ವರದಿಯೇ ಒಪ್ಪಿಕೊಂಡಿದೆ: ಇ20ಗೆ ಹೊಂದಿಸದ ಹಳೇ ಎಂಜಿನ್ನಿನ ಬೈಕುಗಳಲ್ಲಿ ಶೇಕಡಾ 3ರಿಂದ 4ರಷ್ಟು ಮೈಲೇಜು ಬೀಳುತ್ತೆ. ಎಥೆನಾಲ್‌ನಲ್ಲಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟೇ ಶಕ್ತಿ, ಬಿದ್ದೇ ಬೀಳುತ್ತೆ.

ನನ್ನನ್ನು ತಡೆದು ನಿಲ್ಲಿಸಿದ್ದು ಅದೇ ವರದಿಯ ಇನ್ನೊಂದು ಲೆಕ್ಕ. ಒಂದು ಟನ್ ಕಬ್ಬಿಗೆ 70 ಲೀಟರ್ ಎಥೆನಾಲ್. ಒಂದು ಲೀಟರ್ ಎಥೆನಾಲಿಗೆ ಹೊಲದಲ್ಲಿ ಬೇಕಾಗುವ ನೀರು ಸುಮಾರು 2,860 ಲೀಟರ್. ನಿಮ್ಮ ಸ್ಕೂಟರಿಗೆ 5 ಲೀಟರ್ ಇ20 ಹಾಕಿಸಿದಿರಿ ಅಂತಿಟ್ಟುಕೊಳ್ಳಿ. ಅದರಲ್ಲಿ ಒಂದು ಲೀಟರ್ ಎಥೆನಾಲ್. ಅದು ಕಬ್ಬಿನ ಹಾಲಿನದಾದರೆ ಅರ್ಧ ಟ್ಯಾಂಕರ್ ನೀರು ನಿಮ್ಮ ಸ್ಕೂಟರಿನಲ್ಲಿ ಹೋಯ್ತು. ಮೋಟೊಜಿಪಿ ಬೈಕಿನ 22 ಲೀಟರ್ ಟ್ಯಾಂಕನ್ನು ಪೂರ್ತಿ ಇದರಿಂದಲೇ ತುಂಬಿಸಿದರೆ? ಅರವತ್ತೆರಡು ಸಾವಿರ ಲೀಟರಿಗೂ ಹೆಚ್ಚು. ಮಳವಳ್ಳಿಯಲ್ಲಿ, ಮದ್ದೂರಿನಲ್ಲಿ ವಿ.ಸಿ. ನಾಲೆಯ ಕೊನೇ ಭಾಗದ ರೈತನಿಗೆ ಈ ಲೆಕ್ಕ ನಾನು ಬಿಡಿಸಿ ಹೇಳಬೇಕಾಗಿಲ್ಲ. ಸರದಿ ನೀರಿಗೆ ರಾತ್ರಿಯೆಲ್ಲಾ ತೂಬಿನ ಹತ್ರ ಕಾಯೋನು ಅವನು.

ಹಾಗಂತ ಕಬ್ಬು ಬೆಳೆದ ರೈತ ತಪ್ಪಿತಸ್ಥನಾ? ಖಂಡಿತಾ ಅಲ್ಲ. 1933ರಲ್ಲಿ ಮೈಷುಗರ್ ಕಟ್ಟಿ, ನಾಲೆ ತೋಡಿ, "ಕಬ್ಬು ಹಾಕಪ್ಪಾ" ಅಂತ ಹೇಳಿದ್ದು ಸರ್ಕಾರ. ಆಮೇಲೆ ಪಾಂಡವಪುರ ಬಂತು, ಮದ್ದೂರು ತಾಲ್ಲೂಕಿನಲ್ಲಿ ಕೊಪ್ಪ, ಭಾರತೀನಗರದ ಕಾರ್ಖಾನೆಗಳು ಬಂದವು. ಎಥೆನಾಲ್ ಬಂದ ಮೇಲೆ ಕಾರ್ಖಾನೆ ಕೈಯಲ್ಲಿ ದುಡ್ಡು ಓಡಾಡುತ್ತೆ, ಬಾಕಿ ಬೇಗ ಸಿಗುತ್ತೆ ಅಂತ ರೈತನಿಗೂ ಆಸೆ. ಆದರೆ ಅದೇ 2023ರಲ್ಲಿ ಏನಾಯ್ತು? ಮಳೆ ಕೈಕೊಟ್ಟಿತು. ಸೆಪ್ಟೆಂಬರಿನಲ್ಲಿ ನೀರಿಗೆ ಬಂದ್. ಡಿಸೆಂಬರ್ 7ಕ್ಕೆ ಕೇಂದ್ರದ ಆದೇಶ: ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡಬೇಡಿ, ದೇಶಕ್ಕೆ ಸಕ್ಕರೆ ಬೇಕು! ವಾರ ಕಳೆದ ಮೇಲೆ ಮಿತಿ ಹಾಕಿ ಸ್ವಲ್ಪ ಸಡಿಲಿಸಿದರು, ಪೂರ್ತಿ ತೆಗೆದದ್ದು 2024ರ ಆಗಸ್ಟಿನಲ್ಲಿ. ಒಂದು ಮುಂಗಾರು ತಪ್ಪಿದರೆ ಅಲ್ಲಾಡುವ ಇಂಧನವನ್ನು ನಂಬಿ ಒಂದು ಜಿಲ್ಲೆ ಬದುಕೋದು ಹೇಗೆ ಸ್ವಾಮಿ?

"ಹಾಗಾದ್ರೆ ಎಲೆಕ್ಟ್ರಿಕ್ ಬೈಕು?" ಅಂತ ಕೇಳ್ತೀರಿ. 2019ರಲ್ಲಿ ಮೋಟೊಇ ಅಂತ ಎಲೆಕ್ಟ್ರಿಕ್ ರೇಸೇ ಶುರುವಾಯ್ತು. ಡುಕಾಟಿ ಮಾಡಿದ ಬೈಕು ಗಂಟೆಗೆ 275 ಕಿಲೋಮೀಟರ್ ಮುಟ್ಟಿತು. ಆದರೆ 225 ಕೆ.ಜಿ. ಬೈಕಿನಲ್ಲಿ ಬ್ಯಾಟರಿಯೇ 110 ಕೆ.ಜಿ.! ಕೆಲವೇ ಸುತ್ತಿಗೆ ರೇಸು ಮುಗೀತಿತ್ತು. ಜನ ಸೇರಲಿಲ್ಲ, 2025ಕ್ಕೆ ಅದನ್ನು ನಿಲ್ಲಿಸಿಟ್ಟರು. ರೇಸು ನಿಂತ ಮಾತ್ರಕ್ಕೆ ರಸ್ತೆಯ ಎಲೆಕ್ಟ್ರಿಕ್ ಬೈಕು ಸೋತಿಲ್ಲ. ಬೆಂಗಳೂರಿನ ಅಲ್ಟ್ರಾವಯಲೆಟ್ ಹುಡುಗರು ಎಫ್77 ಮಾಡಿ ಮಾರ್ತಿದ್ದಾರೆ. ಇನ್ನು ಕರೆಂಟಿನ ವಿಷಯಕ್ಕೆ ಬಂದರೆ ಮಳವಳ್ಳಿಗೆ ಯಾರೂ ಪಾಠ ಹೇಳಬೇಕಿಲ್ಲ. ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿಯಿಂದ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ ನೆಲ ಅದು. ಗಮನಿಸಿ: ಅಲ್ಲಿ ಚಕ್ರ ತಿರುಗಿಸಿದ ನೀರು ಮತ್ತೆ ನದಿಗೇ ಇಳಿಯುತ್ತೆ. ಖರ್ಚಾಗೋದಿಲ್ಲ.

ಹಾಗಾದರೆ ಮಂಡ್ಯ ಏನು ಮಾಡಬೇಕು? ರೇಸಿನವರ ಆ ಒಂದು ಸಾಲನ್ನು ಹಿಡ್ಕೊಳ್ಳಿ. ತಿನ್ನೋದು ಬೇಡ, ಉಳಿದದ್ದು ಸಾಕು. ಕಟಾವಾದ ಮೇಲೆ ಗದ್ದೆಯಲ್ಲಿ ಬೀಳುವ ತರಗಿಗೆ ಎಷ್ಟೋ ಕಡೆ ಬೆಂಕಿ ಹಾಕ್ತೀವಿ. ಹೊಗೆ ಊರಿಗೆಲ್ಲ, ಲಾಭ ಯಾರಿಗೂ ಇಲ್ಲ. ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ 2022ರಲ್ಲೇ ಭತ್ತದ ಹುಲ್ಲಿನಿಂದ ಎಥೆನಾಲ್ ಮಾಡುವ ಘಟಕ ಹಾಕಿದೆ. ಖರ್ಚು ಜಾಸ್ತಿ, ತಂತ್ರಜ್ಞಾನ ಕಷ್ಟ, ಒಪ್ಪುತ್ತೀನಿ. ಸಿಪ್ಪೆಯನ್ನು ಕಾರ್ಖಾನೆಗಳು ಬಾಯ್ಲರಿಗೆ ಹಾಕಿ ಕರೆಂಟು ಮಾಡ್ತಿವೆ, ಅದೂ ಸರಿ. ಆದರೆ ತರಗು? ಅದಕ್ಕೆ ಬೆಲೆ ಕಟ್ಟುವವರು ಯಾರು? ಕೇಂದ್ರ ನಿಗದಿ ಮಾಡುವ ಎಫ್‌ಆರ್‌ಪಿ ಸಕ್ಕರೆ ಇಳುವರಿ ಲೆಕ್ಕದ್ದು. ತರಗಿಗೆ ಅದರಲ್ಲಿ ಒಂದು ಪೈಸೆ ಇಲ್ಲ.

ವೀಕ್ಷಕರೇ, ತರಗಿಗೆ ಹೊಸದಾಗಿ ನೀರು ಬಿಡಬೇಕಾಗಿಲ್ಲ. ಕಬ್ಬಿಗೆ ಹಾಯಿಸಿದ ನೀರಲ್ಲೇ ಅದು ಬೆಳೆದಿರುತ್ತೆ. ರೈತನಿಗೆ ಅದು ಎರಡನೇ ಬೆಳೆ ಇದ್ದ ಹಾಗೆ. ಮಂಡ್ಯದ ಶಾಸಕರೇ, ಸಂಸದರೇ, ಸಕ್ಕರೆ ಸಚಿವರೇ, ಹೆಚ್ಚು ಎಥೆನಾಲ್ ಮಾಡ್ತೀವಿ ಅಂತ ಭಾಷಣ ಮಾಡುವಾಗ ಎರಡು ಪ್ರಶ್ನೆಗೆ ಉತ್ತರ ಕೊಡಿ. ಎಷ್ಟು ನೀರಲ್ಲಿ ಮಾಡ್ತೀರಿ? ರೈತನ ಜೇಬಿಗೆ ಎಷ್ಟು ಹಾಕ್ತೀರಿ? ಉತ್ತರ ಬರೋವರೆಗೂ ನಾವು ಕೇಳ್ತಾನೇ ಇರ್ತೀವಿ.