ಮನೆ ಸುತ್ತಲ ಜೇನು, ಕಡಜ, ದುಂಬಿ: ಹೆದರಿಕೆ ಬೇಡ, ತಿಳಿವಳಿಕೆ ಇರಲಿ

(ನಲ್ಲೂರಿನಲ್ಲಿ ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಹಕಾರ ಸಂಘದ ವೇದಿಕೆ ಮೇಲೆ ಜೇನುಹುಳದ ಮಾತು ಬರುವುದು ಹೊಸದಲ್ಲ. ಕೂಡಿ ದುಡಿಯುವುದಕ್ಕೆ ಜೇನನ್ನೇ ಉದಾಹರಣೆ ಕೊಡುತ್ತೇವೆ. ನಮ್ಮ ರಾಜ್ಯದಲ್ಲಿ ಜೇನಿಗಾಗಿಯೇ ಹುಟ್ಟಿದ ಸಹಕಾರ ಸಂಘಗಳೂ ಉಂಟು. ಕೊಡಗಿನ ವಿರಾಜಪೇಟೆಯಲ್ಲಿ 1936ರಲ್ಲಿಯೇ ಜೇನು ಮತ್ತು ಮೇಣ ಉತ್ಪಾದಕರು ಸೇರಿ ಸಂಘ ಕಟ್ಟಿಕೊಂಡರು. ಆದರೆ ಇವತ್ತು ನಾವು ಜೇನನ್ನು ಬರೀ ಹೊಗಳಿ ಕೂರುವುದಿಲ್ಲ. ಅದೇ ಜೇನು ನಮ್ಮ ಮನೆಯ ಸೂರಿಗೆ, ಶಾಲೆ ಮುಂದಿನ ಮರಕ್ಕೆ, ಅಡಿಕೆ ತೋಟಕ್ಕೆ ಬಂದಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇವೆ. ಇದು ಜೀವದ ವಿಷಯ. ಹೆಜ್ಜೇನು ಎದ್ದು ಜನ ಸತ್ತರು, ದನ ಸತ್ತವು ಎಂಬ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ.

ಮೊದಲು ಗುರುತು ಹಿಡಿಯಬೇಕು

ನಮ್ಮಲ್ಲಿ ಗುಂಯ್ ಎನ್ನುವುದೆಲ್ಲ ಜೇನು, ಕಂಡದ್ದಕ್ಕೆಲ್ಲ ಬೆಂಕಿ ಎಂಬ ರೂಢಿ ಐತೆ. ಅದು ಸರಿಯಲ್ಲ. ಮರದ ತುದಿಯಲ್ಲಿ, ನೀರಿನ ಟ್ಯಾಂಕಿನ ಕೆಳಗೆ, ಒಂದೇ ದೊಡ್ಡ ತಟ್ಟಿ ಬಯಲಲ್ಲೇ ಜೋತುಬಿದ್ದಿದ್ದರೆ ಅದು ಹೆಜ್ಜೇನು. ಪೊಟರೆ, ಹುತ್ತ, ಗೋಡೆ ಸಂದಿನ ಕತ್ತಲಲ್ಲಿ ಸಾಲಾಗಿ ಹಲವು ತಟ್ಟಿ ಕಟ್ಟುವುದು ತುಡುವೆ. ಪೊದೆಯ ಕಡ್ಡಿಗೆ ಅಂಗೈಯಗಲ ಕಟ್ಟುವುದು ಕೋಲುಜೇನು. ಗೋಡೆ ಬಿರುಕಿನಿಂದ ಅಂಟಿನ ಸಣ್ಣ ಕೊಳವೆ ಹೊರಗೆ ಚಾಚಿ, ಸೊಳ್ಳೆಯಷ್ಟು ಸಣ್ಣ ಕಪ್ಪು ಹುಳ ಹೋಗಿ ಬಂದು ಮಾಡುತ್ತಿದ್ದರೆ ಅದು ಮಿಸರಿ. ಅದು ಚುಚ್ಚುವುದೇ ಇಲ್ಲ. ಕಾಗದದಂತಹ ಬೂದು ಗೂಡು ಕಡಜದ್ದು. ಇನ್ನು ಹೆಬ್ಬೆರಳ ತುದಿಯಷ್ಟು ದಪ್ಪಗೆ, ಕರ್ರಗೆ, ನೀಲಿ ಹೊಳೆಯುವ ರೆಕ್ಕೆಯ ಒಂಟಿ ಹುಳ ತೊಲೆಯ ಸುತ್ತ ಸದ್ದು ಮಾಡುತ್ತಿದ್ದರೆ ಅದು ಮರ ಕೊರೆಯುವ ದುಂಬಿ. ಬಡಗಿ ಜೇನು ಎಂತಲೂ ಕರೆಯುತ್ತಾರೆ.

ಮರ ಕೊರೆಯುವ ದುಂಬಿ

ನೋಡಲು ಎಲ್ಲಕ್ಕಿಂತ ಭಯಂಕರ, ಮಾಡುವ ಅಪಾಯ ಎಲ್ಲಕ್ಕಿಂತ ಕಡಿಮೆ. ಮುಖದ ಮುಂದೆಯೇ ಬಂದು ನಿಂತಲ್ಲೇ ಹಾರುತ್ತಾ ನಮ್ಮನ್ನು ದಿಟ್ಟಿಸುವುದು ಸಾಮಾನ್ಯವಾಗಿ ಗಂಡು. ಗಂಡಿಗೆ ಕೊಂಡಿಯೇ ಇಲ್ಲ. ಹೆಣ್ಣಿಗೆ ಕೊಂಡಿ ಇದೆ, ಆದರೆ ಕೈಯಲ್ಲಿ ಹಿಡಿದರೆ ಅಥವಾ ಅದುಮಿದರೆ ಮಾತ್ರ ಚುಚ್ಚುತ್ತದೆ. ಇದು ಹಿಂಡು ಕಟ್ಟಿ ಮೈಮೇಲೆ ಬೀಳುವ ಜಾತಿಯಲ್ಲ. ತಮಾಷೆಗೆ ಹೇಳುವುದಾದರೆ, ಜೇನಿನ ಕುಲದಲ್ಲಿ ಇದೊಂದು ಸಂಘಕ್ಕೆ ಸದಸ್ಯತ್ವ ಪಡೆಯದೆ ಒಬ್ಬಂಟಿಯಾಗಿ ಬೇಸಾಯ ಮಾಡುವ ಹುಳ.

ಇದು ಮರವನ್ನು ತಿನ್ನುವುದಿಲ್ಲ, ಮನೆ ಕಟ್ಟಲು ಕೊರೆಯುತ್ತದೆ. ಕಿರುಬೆರಳು ಹೋಗುವಷ್ಟು ದುಂಡನೆಯ ತೂತು ಮಾಡಿ, ಸ್ವಲ್ಪ ಒಳಗೆ ಹೋದ ಮೇಲೆ ಮರದ ಎಳೆಯ ಉದ್ದಕ್ಕೆ ತಿರುಗುತ್ತದೆ. ಒಳಗೆ ಪರಾಗ, ಮಕರಂದ ಕಲಸಿದ ಉಂಡೆ ಇಟ್ಟು, ಅದರ ಮೇಲೊಂದು ಮೊಟ್ಟೆ ಇಟ್ಟು, ಮರದ ಹೊಟ್ಟಿನಿಂದಲೇ ಅಡ್ಡಗೋಡೆ ಕಟ್ಟುತ್ತದೆ. ಹೀಗೆ ಒಂದರ ಪಕ್ಕ ಒಂದು ಕೋಣೆ. ಕೀಟಗಳಲ್ಲೇ ಅತಿ ದೊಡ್ಡ ಮೊಟ್ಟೆ ಇಡುವ ಸಾಲಿಗೆ ಈ ದುಂಬಿ ಸೇರುತ್ತದೆ. ಮರ ಕೊರೆಯುವಷ್ಟು ಶಕ್ತಿಯ ದುಂಬಿ ತಾವರೆಯ ಎಸಳಿನೊಳಗೆ ಸಿಕ್ಕಿದರೆ ಸುಮ್ಮನಾಗುತ್ತದೆ ಎಂಬ ಮಾತು ಹಳೆಯ ಕವಿಗಳಲ್ಲಿ ಬರುತ್ತದೆ. ಹಿಂದಿನವರಿಗೂ ಇದರ ಪರಿಚಯ ಚೆನ್ನಾಗಿಯೇ ಇತ್ತು.

ಮನೆ ಮರ ಹಾಳಾಗುತ್ತಿದ್ದರೆ ಯಾವ ಹುಳ ಎಂದು ನೋಡಬೇಕು. ಮಣ್ಣಿನ ಗೆರೆ ಇದ್ದರೆ ಗೆದ್ದಲು. ಸೂಜಿಮೊನೆ ತೂತು, ಹಿಟ್ಟಿನಂತಹ ಪುಡಿ ಉದುರಿದರೆ ಕುಟ್ಟೆಹುಳ. ದುಂಡು ತೂತು, ಕೆಳಗೆ ಒರಟು ಹೊಟ್ಟು ಬಿದ್ದಿದ್ದರೆ ದುಂಬಿ. ಒಂದೆರಡು ತೂತಿನಿಂದ ತೊಲೆ ಮುರಿಯುವುದಿಲ್ಲ. ಆದರೆ ದುಂಬಿ ಹಳೇ ಗೂಡನ್ನೇ ವರ್ಷ ವರ್ಷ ಉದ್ದ ಮಾಡುತ್ತಾ ಹೋಗುತ್ತದೆ. ಮಾಡಿನ ಭಾರ ಹೊತ್ತ ಮರವಾದರೆ ಅಲಕ್ಷ್ಯ ಮಾಡಬ್ಯಾಡ್ರಿ.

ಉಪಾಯ ಕಷ್ಟದ್ದಲ್ಲ. ದುಂಬಿ ಹುಡುಕುವುದು ಒಣಗಿದ, ಬಣ್ಣವಿಲ್ಲದ ಬೆತ್ತಲೆ ಮರವನ್ನು. ತೊಲೆ, ರೀಪು, ಚೌಕಟ್ಟಿಗೆ ಬಣ್ಣ ಅಥವಾ ವಾರ್ನಿಷ್ ಹೊಡೆಸಿ, ಕೆಳಮೈ ಮತ್ತು ಕೊಯ್ದ ತುದಿಯನ್ನೂ ಬಿಡಬೇಡಿ. ಕೊಟ್ಟಿಗೆಯ ಬಿದಿರ ಗಳಗಳ ಬಾಯನ್ನು ಮಣ್ಣಿನಿಂದಲೋ ಬೆಣೆಯಿಂದಲೋ ಮುಚ್ಚಿ, ಅದು ದುಂಬಿಗೆ ಬಲು ಇಷ್ಟದ ಜಾಗ. ಈಗಾಗಲೇ ತೂತು ಇದ್ದರೆ ಬಾಯಿಗೆ ತೆಳ್ಳನೆ ಕಾಗದ ಅಂಟಿಸಿ ನೋಡಿ. ಹರಿದು ಹೋದರೆ ಒಳಗೆ ಸಂಸಾರ ಇದೆ ಎಂದರ್ಥ, ಕೆಲವು ವಾರ ಬಿಟ್ಟು ಮತ್ತೆ ಅಂಟಿಸಿ ನೋಡಿ. ಬಹಳ ದಿನ ಕಾಗದ ಹಾಗೇ ಉಳಿದರೆ ಮರದ ಬೆಣೆ ಹೊಡೆದು, ಪುಟ್ಟಿ ಮೆತ್ತಿ, ಮೇಲೆ ಬಣ್ಣ ಹಚ್ಚಿ. ತೂತಿಗೆ ಪೆಟ್ರೋಲು, ಸೀಮೆಎಣ್ಣೆ ಸುರಿದು ಕಡ್ಡಿ ಗೀರುವವರಿದ್ದಾರೆ. ದುಂಬಿಯ ಗೂಡು ಸುಡಲು ಹೋಗಿ ಮನೆಯನ್ನೇ ಸುಟ್ಟುಕೊಂಡಂತೆ ಆದೀತು.

ಹಿತ್ತಿಲಿನ ಮೂಲೆಯಲ್ಲಿ ಒಂದು ಒಣ ಬೊಡ್ಡೆ, ನಾಲ್ಕು ಬಿದಿರ ತುಂಡು ದುಂಬಿಗೆಂದೇ ಬಿಟ್ಟರೆ ನಷ್ಟವಿಲ್ಲ, ಲಾಭ ಐತೆ. ಬದನೆ ಹೂವಿನ ಪರಾಗ ಕೊಳವೆಯೊಳಗೆ ಬಿಗಿಯಾಗಿರುತ್ತದೆ. ದುಂಬಿ ಹೂವನ್ನು ಅಪ್ಪಿ ಹಿಡಿದು ಗುಂಯ್ ಎಂದು ಮೈ ನಡುಗಿಸಿದಾಗ ಅದು ಉದುರುತ್ತದೆ. ಈ ವಿದ್ಯೆ ಪೆಟ್ಟಿಗೆಯ ಜೇನಿಗೆ ಬಾರದು. ತೊಗರಿ, ಸೆಣಬು, ಹೊಂಗೆ, ಕುಂಬಳ ಜಾತಿಯ ಹೂಗಳಿಗೂ ಇದರ ಓಡಾಟ ಉಂಟು.

ಹೆಜ್ಜೇನು

ನಿಜವಾಗಿ ಹೆದರಬೇಕಾದದ್ದು ಇದಕ್ಕೆ, ಅದೂ ಕೆಣಕಿದಾಗ. ಒಂದು ಹುಳ ಚುಚ್ಚಿದರೆ ಅದರ ಕೊಂಡಿಯಿಂದ ಮಾಗಿದ ಬಾಳೆಹಣ್ಣಿನಂತಹ ವಾಸನೆ ಹೊರಡುತ್ತದೆ. ಆ ವಾಸನೆಯೇ ಉಳಿದವಕ್ಕೆ ಡಂಗುರ. ಅವೆಲ್ಲ ಅದೇ ಜಾಗಕ್ಕೆ ಬೀಳುತ್ತವೆ. ಹುಡುಗರು ಹೊಡೆಯುವ ಕಲ್ಲು, ಜಾತ್ರೆಯ ಪಟಾಕಿ, ಮರದಡಿಯ ಅಡಿಗೆ ಒಲೆಯ ಹೊಗೆ, ಯಂತ್ರದ ಅದುರು, ಇವು ಅದನ್ನು ಎಬ್ಬಿಸುವ ಕಾರಣಗಳು. ಕೆಲವೊಮ್ಮೆ ನಮ್ಮದೇನೂ ತಪ್ಪಿಲ್ಲದೆ, ಜೇನುಗಿಡುಗ ಬಂದು ತಟ್ಟಿಗೆ ಎರಗಿದರೂ ಏಳುತ್ತವೆ.

ಹೆಜ್ಜೇನು ನೆಂಟರಂತೆ. ಹೂವಿನ ಕಾಲಕ್ಕೆ ಬರುತ್ತದೆ, ಹೂ ಮುಗಿದರೆ ತಾನೇ ಎದ್ದು ಹೋಗುತ್ತದೆ. ಹೊಸಕೋಟೆ ತಾಲ್ಲೂಕಿನ ನಂದಗುಡಿ ಬಳಿಯ ರಾಮಗೋವಿಂದಪುರದಲ್ಲಿ ಒಂದೇ ದೊಡ್ಡ ಮರದ ಮೇಲೆ ನೂರಾರು ಹೆಜ್ಜೇನು ತಟ್ಟಿಗಳು ಕಟ್ಟಿರುವುದು ಹೆಸರಾಗಿದೆ. ಊರಿನ ಮಗ್ಗುಲಲ್ಲೇ ಅಷ್ಟು ಜೇನು ಇದ್ದು ಜನ ಬಾಳುವೆ ಮಾಡಲು ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ. ಆದ್ದರಿಂದ ಎತ್ತರದಲ್ಲಿ, ಜನ ಓಡಾಡದ ಕಡೆ ಕಟ್ಟಿದ್ದರೆ ಬಿಟ್ಟುಬಿಡಿ. ಶಾಲೆ, ಅಂಗನವಾಡಿ, ಗುಡಿಯ ಬಾಗಿಲಲ್ಲಿ ಕಟ್ಟಿದ್ದರೆ ಅನುಭವ ಇರುವ ಜೇನು ಇಳಿಸುವವರನ್ನೇ ಕರೆಸಬೇಕು, ಮಕ್ಕಳು ಇಲ್ಲದ ಹೊತ್ತು ನೋಡಿ. ಪಂಜು ಹಿಡಿದು ನಾವೇ ಹತ್ತುವುದು ಬೇಡ. ಅಂಥ ಮರದಡಿ ದನ ಕಟ್ಟಬೇಡಿ. ಮನುಷ್ಯ ಓಡಿಯಾನು, ಹಗ್ಗದಲ್ಲಿರುವ ಎತ್ತು ಎಲ್ಲಿಗೆ ಓಡೀತು? ರಾತ್ರಿ ತಟ್ಟಿಗೆ ಬ್ಯಾಟರಿ ಬೆಳಕು ಬಿಡಬೇಡಿ, ಬೆಳಕಿನ ಜಾಡು ಹಿಡಿದು ಬರುತ್ತವೆ.

ಎದ್ದೇಬಿಟ್ಟರೆ ಕೈ ಬೀಸುತ್ತಾ ನಿಲ್ಲಬೇಡಿ. ಪಂಚೆ, ಟವೆಲ್, ಸೆರಗಿನಿಂದ ಮುಖ ತಲೆ ಮುಚ್ಚಿಕೊಂಡು ಓಡಿ. ಮನೆಯೊ, ಕಾರೊ ಸಿಕ್ಕರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಕೆರೆ, ಚಾನಲ್‌ಗೆ ಹಾರಿದರೆ ಪಾರಾದೇವು ಎಂಬುದು ತಪ್ಪು. ಅವು ಮೇಲೆಯೇ ಸುತ್ತುತ್ತಿರುತ್ತವೆ, ಮುಳುಗುವ ಅಪಾಯ ಬೇರೆ.

ಕಡಜ

ಅಡಿಕೆ ಮರದ ಸುಳಿ, ಗೊನೆಯ ಮಗ್ಗುಲಲ್ಲಿ ಕಡಜದ ಗೂಡು ಇದ್ದರೆ ಮೇಲೆ ಹತ್ತಿದವನಿಗೆ ಕಡಿತಕ್ಕಿಂತ ಕೈ ಬಿಟ್ಟು ಬೀಳುವ ಅಪಾಯ ದೊಡ್ಡದು. ಕೊಯ್ಲಿಗೆ ಮುಂಚೆ ತೋಟವನ್ನು ಒಂದು ಸುತ್ತು ಹಾಕಿ, ಮೇಲೆ ನೋಡಿ, ಗೂಡಿರುವ ಮರಕ್ಕೆ ಗುರುತು ಕಟ್ಟಿ. ಕೊನೆ ಕೊಯ್ಯುವವನಿಗೆ ಆ ಮರ ತೋರಿಸುವುದು ತೋಟದ ಯಜಮಾನನ ಜವಾಬ್ದಾರಿ. ಇನ್ನು ಗೋಡೆಗೆ ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳ ಜಗಳಗಂಟಿಯಲ್ಲ. ಬೆಳೆ ತಿನ್ನುವ ಮರಿಹುಳಗಳನ್ನು ಹೊತ್ತು ತಂದು ತನ್ನ ಮರಿಗೆ ಇಡುತ್ತದೆ. ಅದರ ತಂಟೆಗೆ ಹೋಗಬೇಕಾಗಿಲ್ಲ.

ಕಚ್ಚಿದರೆ

ಜೇನು ಚುಚ್ಚಿದರೆ ಕೊಂಡಿ ಚರ್ಮದಲ್ಲೇ ಉಳಿದು ವಿಷ ತಳ್ಳುತ್ತಿರುತ್ತದೆ. ಉಗುರಿನಿಂದ ಕೆರೆದೋ ಕಿತ್ತೋ, ಹೇಗಾದರೂ ತಡಮಾಡದೆ ತೆಗೆಯಿರಿ. ಕಡಜ, ದುಂಬಿಗಳ ಕೊಂಡಿ ಉಳಿಯುವುದಿಲ್ಲ, ಅವು ಮತ್ತೆ ಮತ್ತೆ ಚುಚ್ಚಬಲ್ಲವು. ಸೋಪು ನೀರಿನಲ್ಲಿ ತೊಳೆದು ತಣ್ಣೀರ ಬಟ್ಟೆ ಇಡಿ. ಬಾವು ಏರುವ ಮೊದಲೇ ಉಂಗುರ, ಬಳೆ ತೆಗೆಯಿರಿ. ಸುಣ್ಣ, ಸೀಮೆಎಣ್ಣೆ ಹಚ್ಚಿ ಚರ್ಮ ಸುಟ್ಟುಕೊಳ್ಳಬೇಡಿ.

ಇಲ್ಲಿ ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಕೆಲವರ ಮೈಗೆ ಒಂದೇ ಕಡಿತವೂ ಆಗುವುದಿಲ್ಲ. ಉಸಿರು ಕಟ್ಟುವುದು, ತುಟಿ ನಾಲಿಗೆ ಊದುವುದು, ಮೈತುಂಬ ದದ್ದು, ತಲೆ ಸುತ್ತಿ ಬೀಳುವುದು ಕಂಡರೆ ಮಂತ್ರ, ನಾಟಿಮದ್ದು ಎಂದು ಕೂರಬಾರದು. ಅದಕ್ಕೆ ಅಡ್ರಿನಲಿನ್ ಇಂಜೆಕ್ಷನ್ನೇ ಮದ್ದು. 108ಕ್ಕೆ ಫೋನು ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಿ. ಹತ್ತಾರು ಕಡೆ ಚುಚ್ಚಿದ್ದರೆ, ಬಾಯಿ ಗಂಟಲಿಗೆ ಚುಚ್ಚಿದ್ದರೆ, ಮಕ್ಕಳು ವಯಸ್ಸಾದವರಾಗಿದ್ದರೆ, ಈಗ ಚೆನ್ನಾಗಿದ್ದಾರಲ್ಲ ಎಂದು ಸುಮ್ಮನಿರದೆ ತೋರಿಸಿ. ವಿಷ ಹೆಚ್ಚಾದರೆ ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ.

ಜೇನು ಕಳೆದುಕೊಂಡರೆ

ಜೇನು ಹೋದರೆ ಹೋಗಲಿ ಎನ್ನುವವರಿಗೆ ಒಂದು ನೆನಪು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಬಂದು ಕರ್ನಾಟಕವೂ ಸೇರಿ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲು ಅಳಿದವು. ಸಾಕುವವರ ಪೆಟ್ಟಿಗೆಗಳು ಬರಿದಾದವು, ಎಷ್ಟೋ ಮಂದಿ ಕಸುಬನ್ನೇ ಬಿಟ್ಟರು. ರೋಗ ನಮ್ಮ ಕೈಯಲ್ಲಿರಲಿಲ್ಲ. ಬೆಂಕಿ ಮತ್ತು ವಿಷದ ಔಷಧಿ ನಮ್ಮ ಕೈಯಲ್ಲೇ ಇವೆ. ಅಡಿಕೆಗೆ ಗಾಳಿಯ ನೆರವು ಹೆಚ್ಚು, ಭತ್ತ ಮೆಕ್ಕೆಜೋಳಕ್ಕೆ ಜೇನು ಬೇಕಿಲ್ಲ, ನಿಜ. ಆದರೆ ಹೀರೆ, ಸೌತೆ, ಕುಂಬಳದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹುಳ ಬರದಿದ್ದರೆ ಕಾಯಿ ಕಟ್ಟುವುದಿಲ್ಲ. ಹೂ ಬಿಟ್ಟ ಬೆಳೆಗೆ ಔಷಧಿ ಹೊಡೆಯಲೇಬೇಕಾದರೆ ಹುಳ ಗೂಡು ಸೇರಿದ ಸಂಜೆ ಹೊತ್ತಿಗೆ ಹೊಡೆಯಿರಿ.

ಸಂಘ ಮಾಡಬಹುದಾದದ್ದು

ಕೊನೆಗೆ ಸಂಘಕ್ಕೆ ಮೂರು ಸಲಹೆ. ಒಂದು, ಕಚೇರಿಯ ಬೋರ್ಡಿನ ಮೇಲೆ 108, ತುರ್ತು ಕರೆಯ 112, ಹತ್ತಿರದ ಆಸ್ಪತ್ರೆ ಮತ್ತು ಜೇನು ಇಳಿಸಲು ಬಲ್ಲವರ ನಂಬರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆಸಿ. ಎರಡು, ಮುಖಪರದೆ, ಕೈಗವುಸು, ಹೊಗೆತಿದಿ ಒಂದೊಂದು ಜೊತೆ ಸಂಘದಲ್ಲಿ ಇರಲಿ, ಬೇಕಾದವರು ಸಹಿ ಮಾಡಿ ಒಯ್ಯಲಿ. ಮೂರು, ಜಾತ್ರೆಗೂ ಕೊಯ್ಲಿಗೂ ಮುಂಚೆ ಎಲ್ಲೆಲ್ಲಿ ತಟ್ಟಿ ಇದೆ ಎಂದು ಊರಿಗೆ ಸಾರಿಸಿ. ಜೇನು ಸಾಕುವ ಆಸೆ ಇದ್ದವರು ತೋಟಗಾರಿಕೆ ಇಲಾಖೆಯಲ್ಲಿ ಪೆಟ್ಟಿಗೆ, ಸಹಾಯಧನದ ವಿಚಾರ ಕೇಳಬಹುದು.

ಸಾಲ, ಗೊಬ್ಬರ, ಬೀಜಕ್ಕೆ ಇಪ್ಪತ್ತೈದು ವರ್ಷ ಒಟ್ಟಾಗಿ ನಿಂತ ಊರು ನಮ್ಮದು. ಈ ಸಣ್ಣ ಕೆಲಸಕ್ಕೂ ಒಟ್ಟಾದರೆ ನಮ್ಮ ಮಕ್ಕಳೂ ದನಗಳೂ ಸುರಕ್ಷಿತ, ತೋಟದ ಹುಳವೂ ಸುರಕ್ಷಿತ.

ಜೈ ಸಹಕಾರ.